ತಟ್ಟೆ ತೊಳೆಯುವ ಪಾಳಿ

ಹನ್ನೊಂದು ವರ್ಷದಿಂದ ಈ ಹಬ್ಬಕ್ಕೆ ಬರುತ್ತಿದ್ದೇನೆ.
ಬರುತ್ತಿದ್ದೇನೆ ಎಂದರೆ, ನನ್ನ ಮನೆ ಎರಡು ಬೀದಿಯಾಚೆ.
ಇಷ್ಟು ವರ್ಷದಲ್ಲಿ ಒಂದು ಹಾಡನ್ನೂ
ಮೊದಲಿಂದ ಕೊನೆತನಕ ಕೇಳಿದವಳಲ್ಲ.

ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಆಡುವ ಶೆಡ್ಡು,
ಜುಲೈ ಬಂದರೆ ಅದೇ ರಂಗಮಂಟಪ.
ಅದರ ಬೆನ್ನಿಗಂಟಿದ ಅಡಿಗೆಮನೆಯಲ್ಲಿ ಮೂರು ಸಿಂಕು,
ಒಂದಕ್ಕೆ ಬಿಸಿನೀರಿಲ್ಲ.
ಗೋಡೆಯ ಆಚೆ ಜಗತ್ತು.
ಈಚೆ ಜಗತ್ತಿನ ಎಂಜಲು.

ನಗಾರಿಗೆ ಚಮಚಗಳ ಡಬ್ಬ ತಾನಾಗಿ ಕುಣಿಯುತ್ತದೆ.
ಕೊಳಲು ಗೋಡೆ ದಾಟುವುದಿಲ್ಲ.
ಬಲ್ಗೇರಿಯಾದ ಹೆಂಗಸರು ಹಾಡಿದ ರಾತ್ರಿ
ಗಾಜಿನ ಲೋಟವೊಂದು ಸಣ್ಣಗೆ ಸ್ವರ ಹಿಡಿದದ್ದನ್ನು
ನಾನೂ ಕೇಳಿದೆ, ಸಿಗ್ರೂನಳೂ ಕೇಳಿದಳು.
ಆಕೆ ಆ ಲೋಟವನ್ನು ಮತ್ತೆ ಬಳಸಗೊಡಲಿಲ್ಲ,
ಕಪಾಟಿನ ಮೇಲೆ ಬೋರಲು ಹಾಕಿಟ್ಟಳು.

ಊರಿನಲ್ಲಿರುವುದು ಎಂಟುನೂರ ನಲವತ್ತು ಜನ,
ಒಂದು ಗೋಧಿಯ ಕಣಜ, ಒಂದು ಪೆಟ್ರೋಲ್ ಬಂಕು, ಎರಡು ಚರ್ಚು.
ಆ ಚರ್ಚಿನವರು ಈ ಚರ್ಚಿನವರನ್ನು ಮಾತಾಡಿಸುವುದು
ವರ್ಷಕ್ಕೆ ಈ ಮೂರೇ ದಿನ, ಅದೂ
ಹುಲ್ಲುಗಾವಲಲ್ಲಿ ಯಾರ ಕಾರು ಎಲ್ಲಿ ಎಂದು ಜಗಳಕ್ಕೆ.
ಯಾರಿಗೂ ಸಂಬಳವಿಲ್ಲ. ಕಿತ್ತಳೆ ಬಣ್ಣದ ಅಂಗಿಯುಂಟು,
ಒಂದೇ ಅಳತೆ, ಎಲ್ಲರಿಗೂ ದೊಗಲೆ.
ನಮಗೆಲ್ಲ ಸಾಲ ನಿರಾಕರಿಸಿದ ಬ್ಯಾಂಕಿನ ಮ್ಯಾನೇಜರು
ಪ್ಲಾಸ್ಟಿಕ್ ಕಕ್ಕಸುಗಳ ಉಸ್ತುವಾರಿ.
ನೆಮ್ಮದಿಯಾಗಿರುವಂತೆ ಕಾಣುತ್ತಾನೆ.

ಈ ಸಲ ಶುಕ್ರವಾರ ನಡುರಾತ್ರಿ
ಗ್ಯಾಂಬಿಯಾದ ಯಾಂಕುಬಾ ನಮ್ಮ ಬಾಗಿಲಿಗೆ ಬಂದ.
ತೋಳಲ್ಲಿ ಮಗುವಿನಂತೆ ಕೋರಾ:
ಅರ್ಧ ಬುರುಡೆ, ಬಿಗಿದ ತೊಗಲು, ನೀಳ ಕತ್ತು,
ಇಪ್ಪತ್ತೊಂದು ತಂತಿ.
ಈಗ ಇಪ್ಪತ್ತು.
ಬಿಡಿ ತಂತಿಗಳ ಚೀಲ ಯಾವುದೋ ವಿಮಾನದಲ್ಲಿ
ಅವನಿಲ್ಲದೆ ಪ್ರಯಾಣ ಮಾಡುತ್ತಿತ್ತು.
ವಾದ್ಯದಂಗಡಿ ಇನ್ನೂರು ಕಿಲೋಮೀಟರು;
ಹೋದರೂ ಅಂಗಡಿಯವನು ಕೇಳುತ್ತಾನೆ, ಕೋರಾ ಅಂದರೇನು?

ಕಸದ ಚೀಲ ಹೊತ್ತ ಓರೆಸ್ಟ್ ಅಲ್ಲೇ ನಿಂತಿದ್ದ.
ಐವತ್ತು ವರ್ಷ ಸರೋವರದ ಮೇಲೆ ಕಳೆದವನು,
ಅವನಿಗೆ ಸಂಗೀತವೆಂದರೆ
ರೇಡಿಯೋದ ಹವಾಮಾನ ವಾರ್ತೆಗೆ ಮುಂಚಿನದು.
ತುಂಡಾದ ತಂತಿಯನ್ನು ಬೆರಳಲ್ಲಿ ಹೊಸೆದ,
ದೀಪಕ್ಕೆ ಹಿಡಿದ, ಹಲ್ಲಲ್ಲಿ ಕಚ್ಚಿದ.
"ಇದು ನಮ್ಮದೇ" ಅಂದ.
"ಸ್ಟರ್ಜನ್ ಮೀನಿನ ದಾರ. ಇನ್ನೂರು ಪೌಂಡಿನದು."

ಯಾಂಕುಬಾ ನಕ್ಕ. ಅವನಜ್ಜ ಜಿಂಕೆಯ ತೊಗಲು ಹೊಸೆಯುತ್ತಿದ್ದನಂತೆ,
ಅಪ್ಪ ಬೆಸ್ತರ ಅಂಗಡಿಯ ದಾರಿ ಹಿಡಿದನಂತೆ.
ಓರೆಸ್ಟ್ ಅಷ್ಟರಲ್ಲಿ ಲಾರಿಯ ಸೀಟಿನಡಿಯಿಂದ
ಸುರುಳಿ ತಂದಿದ್ದ. ಸ್ಟರ್ಜನ್ ಬಿಟ್ಟು ಎಷ್ಟೋ ಕಾಲ,
ಸುರುಳಿ ಮಾತ್ರ ಎಸೆದಿರಲಿಲ್ಲ.

ಇವನು ತನ್ನ ಗಂಟು ತೋರಿಸಿದ, ಅವನು ತನ್ನದು.
ಎರಡೂ ಒಂದೇ ಎಂದು ಬರೆದರೆ ಚೆಂದ;
ಒಂದೇ ಅಲ್ಲ.
ಒಂದು ನೀರಲ್ಲಿ ಬಿಗಿಯುವಂಥದು,
ಒಂದು ಒಣಗಿದ ತೊಗಲಿನ ಬಳೆಯಲ್ಲಿ.
ತರಕಾರಿ ಹೆಚ್ಚುವ ಮೇಜಿನ ಮೇಲೆ ಒಂದು ಗಂಟೆ ವಾದಿಸಿದರು,
ಒಬ್ಬರ ಮಾತು ಒಬ್ಬರಿಗೆ ಅರ್ಧ ತಿಳಿಯದೆ.
ಯಾಂಕುಬಾನ ಗಂಟೇ ಉಳಿಯಿತು.
ಓರೆಸ್ಟ್ ಒಪ್ಪದೆ ಒಪ್ಪಿದ.

ಶನಿವಾರ ಸಂಜೆ, ಮೊಣಕೈತನಕ ಸೋಪಿನ ನೀರು.
ಕೋರಾ ತೆಳುವಾದದ್ದು, ಗೋಡೆ ಅದನ್ನು ನುಂಗುತ್ತದೆ,
ಒಂದು ತಂತಿಯ ಹೊರತು.
ಬೇರೆ ತಂತಿಯೂ ಇರಬಹುದು,
ನಾನೇ ಹಾಗಂದುಕೊಂಡಿರಬಹುದು.
ಬಿಸಿನೀರಿಲ್ಲದ ಸಿಂಕಿನಲ್ಲಿ, ಯಾರೂ ಕೈಹಾಕದ ನೀರಲ್ಲಿ,
ಮೀನು ಬಂದು ಮುಟ್ಟಿ ಹೋದಂತೆ ಉಂಗುರ.
ಸಿಗ್ರೂನ್ ನಲ್ಲಿ ನಿಲ್ಲಿಸಿದಳು.
ಅಷ್ಟರಲ್ಲಿ ಹುಡುಗನೊಬ್ಬ ಇನ್ನೂ ನಲವತ್ತು ತಟ್ಟೆ
ತಂದು ಸುರಿದ.

ಸೋಮವಾರ ಸಭೆ. ಖಜಾಂಚಿ ಲೆಕ್ಕ ಓದಿದಳು:
ಜನರೇಟರು ಇಷ್ಟು, ವೀಸಾ ಇಷ್ಟು, ಸೊಳ್ಳೆಬತ್ತಿ ಇಷ್ಟು,
ಕೂಡಿಟ್ಟ ಗಂಟು ಕರಗಿದೆ,
ಮುಂದಿನ ವರ್ಷದ ಮಾತು ಹೇಳಲಾಗದು.
ಕುರ್ಚಿಗಳು ಕಿರುಗುಟ್ಟಿದವು. ಯಾರೂ ಎದ್ದು ಹೋಗಲಿಲ್ಲ.
ಶನಿವಾರ ಕಸ ಸಾಗಿಸಿ, ಮನೆಗೆ ಹೋಗಿ ಮಲಗಿದ್ದ ಓರೆಸ್ಟ್
ಹಿಂದಿನ ಸಾಲಿನಿಂದ ಕೇಳಿದ:
"ಗಂಟು ನಿಂತಿತಾ?"

ಖಜಾಂಚಿ ಕನ್ನಡಕ ಸರಿಪಡಿಸಿಕೊಂಡು
ಮತ್ತೆ ಜನರೇಟರಿನಿಂದ ಶುರುಮಾಡಿದಳು.
ನಾನು ಹಿಂದಕ್ಕೆ ತಿರುಗಿ, ಅವನಿಗಷ್ಟೇ ಕಾಣುವಂತೆ
ತಲೆಯಾಡಿಸಿದೆ.